ಟ್ಯೂಬ್‌ಲೆಸ್ ಪಂಚರ್: ಬತ್ತಿಯೋ, ಪ್ಯಾಚೋ, ಹೊಸ ಟೈರೋ?

ಮೊದಲೇ ಹೇಳಿಬಿಡುತ್ತೇನೆ, ಟ್ಯೂಬಿಲ್ಲದ ಟೈರು ಪಂಚರ್ ಆದರೆ ನನ್ನ ಓಟು ಮಶ್ರೂಮ್ ಪ್ಯಾಚ್‌ಗೆ, ಅಂದರೆ ಟೈರು ಬಿಚ್ಚಿ ಒಳಗಿನಿಂದ ಹಾಕುವ ಅಣಬೆಯಾಕಾರದ ರಬ್ಬರ್ ತೇಪೆಗೆ. ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ದಿನಾ ಓಡಾಡುವವರಿಗೆ ಮೊಳೆ ಹೊಸದೇನಲ್ಲ. ನನ್ನ ಬೈಕಿನ ಹಿಂದಿನ ಚಕ್ರ ಬತ್ತಿ, ಲಿಕ್ವಿಡ್, ಪ್ಯಾಚ್, ಹೊಸ ಟೈರು ಎಲ್ಲವನ್ನೂ ಕಂಡಿದೆ.

ಬತ್ತಿ, ಅಂದರೆ ಹೊರಗಿನಿಂದ ತೂತಿಗೆ ತುರುಕುವ ಅಂಟು ರಬ್ಬರ್ ದಾರ, ಹತ್ತು ನಿಮಿಷದ ಕೆಲಸ. ಚಕ್ರ ಬಿಚ್ಚಬೇಕಾಗಿಲ್ಲ, ನಮ್ಮ ಕಡೆ 100–150 ರೂಪಾಯಿಗೆ ಮುಗಿಯುತ್ತದೆ. ಆದರೆ ಬತ್ತಿಗೂ ಮುಂಚೆ ಅರ ತೂರಿಸಿ ಉಜ್ಜುತ್ತಾರಲ್ಲ, ಅಲ್ಲೇ ನನಗೆ ಭಯ. ಸಣ್ಣ ತೂತೂ ಅಗಲವಾಗುತ್ತದೆ, ಜೋರಾಗಿ ತಿರುವಿದರೆ ಟೈರಿನೊಳಗಿನ ದಾರ ಹರಿಯುತ್ತದೆ. ನನಗೆ ಹಾಕಿದ ಬತ್ತಿ ಸುಮ್ನೆ ಕೂರಲಿಲ್ಲ. ದಿನ ಬಿಟ್ಟು ದಿನ ಗಾಳಿ ಇಳಿಯುತ್ತಿತ್ತು, ಸೋಪು ನೀರು ಹಾಕಿದರೆ ಸಣ್ಣ ಗುಳ್ಳೆ.

ತೂತು ಮುಚ್ಚಲೆಂದು ಟೈರಿನೊಳಗೆ ಹಾಕುವ ಲಿಕ್ವಿಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ದಿನ ಕಳೆದಂತೆ ಒಣಗುತ್ತದೆ, ವಾಲ್ವ್ ಕಟ್ಟಿಕೊಳ್ಳುತ್ತದೆ, ಆಮೇಲೆ ಪ್ಯಾಚ್ ಹಾಕುವವನು ಒಳಗೆಲ್ಲ ಒರೆಸುತ್ತಾ ಬೈಯುತ್ತಾನೆ.

ಪ್ಯಾಚ್‌ನ ಒಂದೇ ತಲೆನೋವು, ಹಾಕುವವರು ಸಿಗೋದಿಲ್ಲ. "ಅದೆಲ್ಲ ಯಾಕೆ ಸಾರ್, ಬತ್ತಿ ಹೊಡೆದುಕೊಡ್ತೀನಿ" ಅನ್ನುವವರೇ ಎಲ್ಲ ಕಡೆ. ಕೊನೆಗೆ ಒಬ್ಬರು ಒಪ್ಪಿದರು. ಟೈರ್ ಬಿಚ್ಚುವ ಮೆಷಿನ್ ಇಲ್ಲ, ಕಬ್ಬಿಣದ ಲಿವರ್ ಕೊಟ್ಟು ರಿಮ್ಮಿನಿಂದ ಟೈರು ಎಬ್ಬಿದರು. ಅಲಾಯ್ ರಿಮ್ಮಿನ ಅಂಚು ಗೀರಿತು. ಮಾರನೇ ದಿನ ಗಾಳಿ ಅರ್ಧಕ್ಕರ್ಧ ಖಾಲಿ. "ಪ್ಯಾಚ್ ಹಾಗೇ ಸಾರ್" ಅಂದರು. ಸೋಪು ನೀರು ಸುರಿದು ನೋಡಿದರೆ ಪ್ಯಾಚ್ ಗಟ್ಟಿಯಾಗಿತ್ತು, ಗುಳ್ಳೆ ಏಳುತ್ತಿದ್ದದ್ದು ಗೀರಿದ ಅಂಚಿನಿಂದ. ಸಾಲದ್ದಕ್ಕೆ ಟೈರನ್ನು ತಿರುಗುಮುರುಗು ಕೂರಿಸಿದ್ದರು. ಟೈರು ಯಾವ ಕಡೆ ಉರುಳಬೇಕೆಂದು ತೋರಿಸುವ, ಪಕ್ಕದಲ್ಲಿರುವ ಬಾಣದ ಗುರುತು ಹಿಂದಕ್ಕೆ ನೋಡುತ್ತಿತ್ತು! ಮತ್ತೆ ಬಿಚ್ಚಿಸಬೇಕಾಯಿತು, ಈ ಸಲ ಮೆಷಿನ್ ಇರುವ ಕಾರ್ ಟೈರ್ ಅಂಗಡಿಯಲ್ಲಿ. ರಿಮ್ಮಿನ ಅಂಚು ಉಜ್ಜಿ ನುಣುಪು ಮಾಡಿ, ಟೈರನ್ನು ಸರಿಯಾಗಿ ಕೂರಿಸಿದರು. ಅದೇ ಪ್ಯಾಚ್ ಆಮೇಲೆ ಟೈರು ಸವೆಯುವ ತನಕ ಗಾಳಿ ಬಿಡಲಿಲ್ಲ.

ಟೈರ್ ಬಿಚ್ಚಿದಾಗ ಇನ್ನೊಂದು ಲಾಭವಿದೆ, ಒಳಗೆ ಕಣ್ಣು ಹಾಯಿಸಬಹುದು. ಗಾಳಿ ಇಲ್ಲದೆ ಓಡಿಸಿದ ಟೈರಾದರೆ ಒಳಗೋಡೆ ಉಜ್ಜಿ ಕರಿ ಪುಡಿ ಉದುರಿರುತ್ತದೆ. ಪುಡಿ ಕಂಡರೆ ರಿಪೇರಿ ಬೇಡ, ಹೊಸದೇ ಹಾಕಿಸಿ. ಪಕ್ಕದ ಗೋಡೆಗೆ ಮೊಳೆ ಹೊಕ್ಕರೂ, ತೂತು 6 ಮಿಲಿಮೀಟರಿಗಿಂತ ದೊಡ್ಡದಾದರೂ ಅದೇ ಮಾತು. "ಒಳಗೊಂದು ಟ್ಯೂಬ್ ಹಾಕಿಬಿಡೋಣ" ಅಂದರೆ ಒಪ್ಪಬೇಡಿ. ಟ್ಯೂಬಿನ ಗಾಳಿ ಒಮ್ಮೆಲೇ ಹೋಗಬಹುದು.

ಹೊಸ ಟೈರಿಗೆ ಸುಮಾರು 3,000 ರೂಪಾಯಿ ಕೊಟ್ಟೆ. ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ನಾನು ಓಡಿಸೋದು ಊರೊಳಗೆ, ರಜೆಯಲ್ಲಿ ಹಾಸನದ ಹೈವೇ. ಪ್ಯಾಚ್‌ಗೆ ಸುಮಾರು 300 ರೂಪಾಯಿ ಆಗುತ್ತದೆ, ಪರವಾಗಿಲ್ಲ. ಹಾಗಂತ ಬತ್ತಿಯ ಕಿಟ್ಟು, ಪುಟ್ಟ ಪಂಪು ಬಿಟ್ಟು ಹೊರಡೋದಿಲ್ಲ. ಶಿರಾಡಿ ಘಾಟಿಯಲ್ಲಿ ಪ್ಯಾಚ್ ಹಾಕುವವರು ಎಲ್ಲಿ ಸಿಗ್ತಾರೆ, ಅಲ್ವಾ?