ಶಾಲೆಯ ಸಂಗೀತ ತರಗತಿಗೆ ಕ್ರೋಮ್ ಮ್ಯೂಸಿಕ್ ಲ್ಯಾಬ್: ಕೆಲವು ವರ್ಷ ಬಳಸಿದ ಮೇಲೆ ಅನಿಸಿದ್ದು

ಹೈಸ್ಕೂಲಿನಲ್ಲಿ ಸಂಗೀತ ಕಲಿಸುವ ಗೆಳತಿಯರು ಆಗಾಗ ಕೇಳುತ್ತಾರೆ, ದುಡ್ಡು ಖರ್ಚಿಲ್ಲದೆ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಏನು ತೋರಿಸಬಹುದು ಅಂತ. ನನ್ನ ಉತ್ತರ ಕೆಲವು ವರ್ಷಗಳಿಂದ ಒಂದೇ: ಕ್ರೋಮ್ ಮ್ಯೂಸಿಕ್ ಲ್ಯಾಬ್. ಗೂಗಲ್‌ನವರು 2016ರಲ್ಲಿ ಹೊರತಂದ ವೆಬ್‌ಸೈಟ್ ಇದು. ಡೌನ್‌ಲೋಡ್ ಬೇಡ, ಲಾಗಿನ್ ಬೇಡ, ಜಾಹೀರಾತಿಲ್ಲ. ಸ್ವರ, ತಾಳ, ತಂತಿ, ದನಿ ಇವುಗಳ ಮೇಲೆ ಹತ್ತಕ್ಕೂ ಹೆಚ್ಚು ಪುಟ್ಟ ಪ್ರಯೋಗಗಳಿವೆ. ಓದಬೇಕಾದ ಇಂಗ್ಲಿಷ್ ತೀರಾ ಕಡಿಮೆ. ಎಲ್ಲ ಬಣ್ಣ, ಚಿತ್ರಗಳಲ್ಲೇ ನಡೆಯುತ್ತದೆ. ಹಾಗಾಗಿ ಕನ್ನಡ ಮಾಧ್ಯಮದ ಮಕ್ಕಳಿಗೂ ಅಡ್ಡಿಯಿಲ್ಲ.

ನಾನು ಕರ್ನಾಟಕ ಸಂಗೀತ ಕಲಿತವಳು, ಕಲಿಸುವುದೂ ಅದನ್ನೇ. ಈ ಲ್ಯಾಬ್ ನಮ್ಮ ಸಂಗೀತಕ್ಕೆ ಅಂತ ಮಾಡಿದ್ದಲ್ಲ. ಆದರೂ ನನ್ನ ತರಗತಿಯಲ್ಲಿ ಅದಕ್ಕೆ ಗಟ್ಟಿ ಜಾಗ ಸಿಕ್ಕಿದೆ. ಕಾರಣ, ಮಗು ತನ್ನ ದನಿಯನ್ನು ತಾನೇ ಗಮನಿಸುವಂತೆ ಅದು ಮಾಡುತ್ತದೆ. ನಲವತ್ತು ಮಕ್ಕಳು ಒಟ್ಟಿಗೆ ಹಾಡುವ ಕೋಣೆಯಲ್ಲಿ ಒಬ್ಬೊಬ್ಬರಿಗೂ ತಮ್ಮ ದನಿ ಕೇಳಿಸುವುದೇ ಕಷ್ಟ, ಅಲ್ವಾ?

ನಾನು ಅತಿ ಹೆಚ್ಚು ಬಳಸುವುದು ಸ್ಪೆಕ್ಟ್ರೋಗ್ರಾಮ್. ಮೈಕ್ ಗುರುತು ಒತ್ತಿ ಹಾಡಿದರೆ ದನಿ ಬಣ್ಣದ ಗೆರೆಗಳಾಗಿ ಪರದೆ ಮೇಲೆ ಹರಿಯುತ್ತದೆ. ಮೇಲಿನ ಸ್ವರಕ್ಕೆ ಗೆರೆ ಮೇಲೆ, ಕೆಳಗಿನದಕ್ಕೆ ಕೆಳಗೆ. ಷಡ್ಜ, ಅಂದರೆ 'ಸ' ಸ್ವರ, ಅಲುಗಾಡದೆ ನಿಂತರೆ ಗೆರೆ ನೇರ, ಅಲುಗಾಡಿದರೆ ಗೆರೆಯೂ ಅಲುಗುತ್ತದೆ. "ಶ್ರುತಿ ನಿಲ್ಲಿಸು" ಅಂತ ನಾನು ಹತ್ತು ಸಲ ಹೇಳುವುದಕ್ಕಿಂತ ಆ ಗೆರೆ ಒಂದು ಸಲ ಕಾಣುವುದು ಮೇಲು.

ಎಂಟು, ಒಂಬತ್ತನೇ ತರಗತಿಯ ಗಂಡುಮಕ್ಕಳಿಗೆ ಇದರಿಂದ ಆಗುವ ಉಪಕಾರ ಇನ್ನೂ ದೊಡ್ಡದು. ಆ ವಯಸ್ಸಿನಲ್ಲಿ ಅವರ ದನಿ ಒಡೆಯುತ್ತದೆ, ಹೆಚ್ಚುಕಡಿಮೆ ಒಂದು ಸ್ಥಾಯಿ (ಒಂದು 'ಸ'ದಿಂದ ಮುಂದಿನ 'ಸ'ದವರೆಗಿನ ಅಂತರ) ಕೆಳಗೆ ಇಳಿಯುತ್ತದೆ. ಏಳನೇ ತರಗತಿವರೆಗೆ ಮುಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಹಿಂದೆ ಹೋಗಿ ಬಾಯಿ ಮುಚ್ಚಿ ಕೂರುತ್ತಾನೆ. ಉಳಿದವರು ನಗುತ್ತಾರೆ. ಅವನು ಮತ್ತೆ ಹಾಡುವುದೇ ಇಲ್ಲ. ಎಷ್ಟೋ ಗಂಡಸರ ಹಾಡು ನಿಂತಿರುವುದು ಆ ಎರಡು ವರ್ಷಗಳಲ್ಲೇ. ಇದು ನನಗೆ ತುಂಬ ಸಂಕಟದ ವಿಷಯ. ಸ್ಪೆಕ್ಟ್ರೋಗ್ರಾಮ್ ಮುಂದೆ ಒಬ್ಬ ಹುಡುಗಿ, ಒಬ್ಬ ಹುಡುಗ ಒಂದೇ ಸಾಲು ಹಾಡಿದಾಗ ಎರಡು ಗೆರೆಗಳೂ ಒಂದೇ ಆಕಾರದಲ್ಲಿ ಏರಿ ಇಳಿಯುತ್ತವೆ, ಅವನದು ಕೆಳಗೆ ಅಷ್ಟೇ. ತನ್ನ ದನಿ ಕೆಟ್ಟಿಲ್ಲ, ಜಾಗ ಬದಲಿಸಿದೆ ಎಂಬುದು ಅವನಿಗೆ ಕಣ್ಣಾರೆ ಗೊತ್ತಾಗುತ್ತದೆ. ಶ್ರುತಿ, ಅಂದರೆ ಹಾಡಿಗೆ ಆಧಾರವಾದ 'ಸ', ಹುಡುಗಿಯರಿಗೆ ಐದು ಮನೆಗೆ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಇಟ್ಟರೆ ಇವರಿಗೆ ಒಂದೋ ಎರಡೋ ಮನೆಗೆ ಇಳಿಸಿ ಬೇರೆ ಹಾಡಿಸುತ್ತೇನೆ. ಹಾಡುತ್ತಾರೆ.

ತಂಬೂರಿಯ ನಾದವನ್ನೂ ಇದೇ ಪರದೆಗೆ ಕೇಳಿಸಿ ನೋಡಿ. ಒಂದು ತಂತಿ ಮೀಟಿದರೂ ಗೆರೆ ಒಂದೇ ಬರುವುದಿಲ್ಲ, ಒಂದರ ಮೇಲೊಂದು ಸಾಲಾಗಿ ಬರುತ್ತವೆ. ಮಂದ್ರ (ಕೆಳಗಿನ) ಷಡ್ಜದ ಕಂಪನದ ಎರಡು ಪಟ್ಟು ಮಧ್ಯ ಷಡ್ಜ, ಮೂರು ಪಟ್ಟು ಪಂಚಮ ('ಪ'), ನಾಲ್ಕು ಪಟ್ಟು ತಾರ (ಮೇಲಿನ) ಷಡ್ಜ, ಐದು ಪಟ್ಟು ಅಂತರ ಗಾಂಧಾರ ('ಗ'ದ ಮೇಲಿನ ರೂಪ). ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದೆ ಅಂತ ನಮ್ಮ ಗುರುಗಳು ಹೇಳುತ್ತಿದ್ದುದು ಇದನ್ನೇ. ಹಾರ್ಮೋನಿಕ್ಸ್ ಎಂಬ ಇನ್ನೊಂದು ಪ್ರಯೋಗದಲ್ಲಿ ಈ ಪಟ್ಟುಗಳನ್ನು ಬಿಡಿಬಿಡಿಯಾಗಿ ನುಡಿಸಬಹುದು. ಅದಾದ ಮೇಲೆ ಮತ್ತೆ ತಂಬೂರಿ ಕೇಳಿದರೆ ಮಕ್ಕಳಿಗೆ ಗಾಂಧಾರ ಸಿಗುತ್ತದೆ. ಧ್ವನಿಯ ಪಾಠ ಮಾಡುವಾಗ ನಮ್ಮ ವಿಜ್ಞಾನದ ಮೇಷ್ಟ್ರೂ ಬಂದು ಇದನ್ನು ಬಳಸುತ್ತಾರೆ.

ಎರಡನೆಯದು ಸಾಂಗ್ ಮೇಕರ್. ಚೌಕಗಳ ಹಾಳೆ ಇರುತ್ತದೆ, ಚೌಕ ಮುಟ್ಟಿದರೆ ಸ್ವರ. ಇದನ್ನು ಹಾಡು ಕಟ್ಟುವುದಕ್ಕಿಂತ ಮೂರು ಕಾಲ (ಅದೇ ತಾಳಕ್ಕೆ ಸ್ವರಗಳ ವೇಗ ಒಂದು, ಎರಡು, ನಾಲ್ಕು ಪಟ್ಟು) ಕಲಿಸುವುದಕ್ಕೇ ನಾನು ಜಾಸ್ತಿ ಬಳಸಿದ್ದೇನೆ. ಮೊದಲ ಪಾಠವಾದ ಸರಳೆ ವರಸೆಯನ್ನು ಎರಡನೇ ಕಾಲದಲ್ಲಿ ಹಾಡು ಅಂದರೆ ಮಕ್ಕಳು ಸ್ವರದ ಜೊತೆ ಕೈತಾಳವನ್ನೂ ಓಡಿಸುತ್ತಾರೆ. ಸಂಗೀತ ಕಲಿಸಿದ ಎಲ್ಲರಿಗೂ ಇದು ಗೊತ್ತು. ಇಲ್ಲಿ ಒಂದೊಂದು ಅಕ್ಷರವನ್ನೂ (ತಾಳದ ಒಂದು ಎಣಿಕೆ) ನಾಲ್ಕು ಚೌಕಗಳಾಗಿ ಒಡೆದುಕೊಳ್ಳಿ. ಮೊದಲ ಕಾಲಕ್ಕೆ ನಾಲ್ಕು ಚೌಕಕ್ಕೊಂದು ಸ್ವರ, ಎರಡನೇ ಕಾಲಕ್ಕೆ ಎರಡಕ್ಕೊಂದು, ಮೂರನೆಯದಕ್ಕೆ ಪ್ರತಿ ಚೌಕಕ್ಕೂ ಒಂದು. ಕೆಳಗಿನ ತಾಳದ ಸಾಲಿನಲ್ಲಿ ಅಕ್ಷರಕ್ಕೊಂದು ಪೆಟ್ಟು ಇಡಿ, ಅದು ಕೊನೆತನಕ ಬದಲಾಗುವುದಿಲ್ಲ. ಲಯ ಅಲ್ಲೇ ಇದೆ, ಸ್ವರಗಳು ಮಾತ್ರ ಹತ್ತಿರ ಬಂದವು ಎಂಬುದು ಮಕ್ಕಳಿಗೆ ಆಗ ಹೊಳೆಯುತ್ತದೆ. ಸುಮ್ನೆ ನೋಡಿಸಿದರೆ ಸಾಲದು. ಪರದೆ ಓಡುತ್ತಿರುವಾಗ ಅವರ ಕೈಯೂ ತಾಳ ಹಾಕಬೇಕು. ಖಂಡ ಛಾಪು, ಮಿಶ್ರ ಛಾಪು ತಾಳಗಳನ್ನು ತೋರಿಸಲು 5 ಮತ್ತು 7ರ ಲೆಕ್ಕಕ್ಕೂ ಹಾಳೆಯನ್ನು ಹೊಂದಿಸಿಕೊಳ್ಳಬಹುದು.

ಇನ್ನು ಸಾಂಗ್ ಮೇಕರ್‌ನ ಮಿತಿಗಳು. ಇವು ಸಣ್ಣವಲ್ಲ.

ಸ್ವರಗಳ ಆಯ್ಕೆಯಲ್ಲಿ ಇರುವುದು ಮೂರೇ: ಮೇಜರ್, ಪೆಂಟಟಾನಿಕ್, ಕ್ರೊಮ್ಯಾಟಿಕ್. ಮೇಜರ್‌ನಲ್ಲಿ ಶಂಕರಾಭರಣ ರಾಗದ ಸ್ವರಗಳು ಸಿಗುತ್ತವೆ, ಪೆಂಟಟಾನಿಕ್‌ನಲ್ಲಿ ಮೋಹನದವು. ಆದರೆ ನಾವು ಪಾಠ ಶುರು ಮಾಡುವುದು ಮಾಯಾಮಾಳವಗೌಳ ರಾಗದಿಂದ. ಅದಕ್ಕೆ ಕ್ರೊಮ್ಯಾಟಿಕ್ ಇಟ್ಟುಕೊಂಡು ಹನ್ನೆರಡು ಸಾಲುಗಳಲ್ಲಿ ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಧೈವತ ಅಂತ ಒಂದೊಂದನ್ನೂ ಹುಡುಕಿ ಇಡಬೇಕು. ಬೇಕಾದ ಏಳು ಸಾಲನ್ನು ಆರಿಸಿಕೊಂಡು ಉಳಿದದ್ದನ್ನು ಮುಚ್ಚುವ ಅನುಕೂಲ ಒಂದಿದ್ದರೆ 72 ಮೇಳಕರ್ತ (ಏಳೂ ಸ್ವರಗಳಿರುವ ಮೂಲ) ರಾಗಗಳೂ ನಮ್ಮ ಮಕ್ಕಳ ಬೆರಳಿಗೆ ಸಿಗುತ್ತಿದ್ದವು. ಇದನ್ನು ಮಾಡುವವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಗಮನಿಸಿ.

ಮುಖ್ಯವಾದ ಮಾತು ಇನ್ನೊಂದಿದೆ. ಇಲ್ಲಿನ ಸ್ವರಗಳು ಪಿಯಾನೋ ಸ್ವರಗಳು, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದು. ತಂಬೂರಿಯ ಸಹಜ ಸ್ವರಕ್ಕೆ ಹೋಲಿಸಿದರೆ ಪಂಚಮದಲ್ಲಿ ವ್ಯತ್ಯಾಸ ಹೆಚ್ಚೇನೂ ತಿಳಿಯುವುದಿಲ್ಲ. ಗಾಂಧಾರದಲ್ಲಿ ತಿಳಿಯುತ್ತದೆ. ಒಂದು ಮನೆ ಶ್ರುತಿಯಲ್ಲಿ ತಂಬೂರಿಯ ಅಂತರ ಗಾಂಧಾರ ಸುಮಾರು 327 ಹರ್ಟ್ಸ್, ಇದರದು ಸುಮಾರು 329.6. ತಂಬೂರಿ ಹಾಕಿಕೊಂಡು ಅದರ ಮೇಲೆ ಸಾಂಗ್ ಮೇಕರ್ ಗಾಂಧಾರ ನುಡಿಸಿದರೆ ಕಿವಿಗೆ ತಾಕುತ್ತದೆ. ಅದಕ್ಕೇ ನಾನು ಎರಡನ್ನೂ ಒಟ್ಟಿಗೆ ಹಾಕುವುದಿಲ್ಲ. ಇದನ್ನು ಕೇಳಿ ಸ್ವರ ಕಲಿಯಿರಿ ಅಂತ ಹೇಳುವುದೂ ಇಲ್ಲ. ಶ್ರುತಿಗೆ ಎಲೆಕ್ಟ್ರಾನಿಕ್ ತಂಬೂರಿಯೇ. ತಂತ್ರಜ್ಞಾನದ ಮಾತು ಬಂದಾಗ ನಾವು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ಕೊಳಲು ವಾದಕ, ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು 1979ರಲ್ಲೇ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ಕೊಟ್ಟರು. ಸಾವಿರಾರು ಮನೆಗಳಲ್ಲಿ ಪಾಠ ನಡೆದಿದ್ದು ಅಂಥ ಪೆಟ್ಟಿಗೆಗಳ ಜೊತೆಗೆ. ಈಗ ಫೋನಿನಲ್ಲೂ ಒಳ್ಳೆಯ ತಂಬೂರಿ ಆ್ಯಪ್‌ಗಳಿವೆ.

ಗಮಕದ (ಸ್ವರವನ್ನು ಅಲುಗಿಸಿ, ಜಾರಿಸಿ ಹಾಡುವುದರ) ವಿಷಯದಲ್ಲಂತೂ ಚೌಕಗಳ ಹಾಳೆ ಕೈಕೊಡುತ್ತದೆ. ಸಾಂಗ್ ಮೇಕರ್‌ಗೆ ಮೈಕಿನಲ್ಲಿ ಹಾಡಿಯೂ ಸ್ವರ ಕೊಡಬಹುದು. ಆದರೆ ತೋಡಿ ರಾಗದ ಗಾಂಧಾರವನ್ನು ಕಂಪಿತವಾಗಿ ಹಾಡಿದರೆ ಅದನ್ನು ಯಾವ ಚೌಕದಲ್ಲಿ ಕೂರಿಸುವುದು? ಅದೇ ಗಾಂಧಾರವನ್ನು ಸ್ಪೆಕ್ಟ್ರೋಗ್ರಾಮ್‌ಗೆ ಹಾಡಿ ನೋಡಿ. ಗೆರೆ ಅಲೆಯಲೆಯಾಗಿ ಬಳುಕುತ್ತದೆ. ಹಾಗಾಗಿ ವರಸೆ, ಅಲಂಕಾರ ಮುಗಿಸಿ ಗೀತೆಗೆ ಬಂದ ಮೇಲೆ ಸಾಂಗ್ ಮೇಕರ್ ಮುಚ್ಚುತ್ತೇನೆ, ಸ್ಪೆಕ್ಟ್ರೋಗ್ರಾಮ್ ಉಳಿಸಿಕೊಳ್ಳುತ್ತೇನೆ.

ಬೆಳಗಿನ ಪ್ರಾರ್ಥನೆಯ ನಾಡಗೀತೆಗೆ ಈ ಲ್ಯಾಬ್ ಏನೂ ಮಾಡದು. ಅದಕ್ಕೆ ಫೋನಿನ ರೆಕಾರ್ಡರ್ ಸಾಕು. 2022ರ ಸರ್ಕಾರಿ ಆದೇಶದಂತೆ ಎರಡೂವರೆ ನಿಮಿಷದಲ್ಲಿ ಮುಗಿಯಬೇಕು. ಮಕ್ಕಳಿಗೆ ಅವರ ಹಾಡನ್ನೇ ತಿರುಗಿ ಕೇಳಿಸಿದರೆ ಎಲ್ಲಿ ಓಡಿದೆವು, ಎಲ್ಲಿ ಎಳೆದೆವು ಅಂತ ಅವರೇ ಹೇಳುತ್ತಾರೆ.

ಬಳಸಲು ಹೊರಟವರಿಗೆ ಒಂದೆರಡು ಮಾತು. ತರಗತಿಗೆ ಮುಂಚೆಯೇ ಪುಟ ತೆರೆದಿಟ್ಟುಕೊಳ್ಳಿ. ನೆಟ್ ಬೇಕಾಗುವುದು ಮುಖ್ಯವಾಗಿ ಆಗಲೇ. ಮೈಕ್ ಬಳಸಲು ಬ್ರೌಸರ್ ಅನುಮತಿ ಕೇಳುತ್ತದೆ, ಕೊಡಿ. ಫ್ಯಾನ್ ಆರಿಸಿ, ಇಲ್ಲವಾದರೆ ಅದರ ಸದ್ದೂ ಪರದೆ ತುಂಬ ಕಾಣುತ್ತದೆ. ಸಾಂಗ್ ಮೇಕರ್‌ನಲ್ಲಿ ಮಾಡಿದ್ದನ್ನು ಸೇವ್ ಮಾಡಿದಾಗ ಒಂದು ಲಿಂಕ್ ಬರುತ್ತದೆ, ಅದನ್ನು ಅಲ್ಲೇ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಖಾತೆ ಇಲ್ಲದ ಕಾರಣ ಲಿಂಕ್ ಹೋದರೆ ಹೋಯಿತು. ದುಡ್ಡು ಹಾಕುವುದಿದ್ದರೆ ಮೊದಲು ಒಂದು ಒಳ್ಳೆಯ ಸ್ಪೀಕರಿಗೆ ಹಾಕಿ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಷಡ್ಜ ಹಿಂದಿನ ಬೆಂಚಿಗೆ ತಲುಪುವುದೇ ಇಲ್ಲ. ಪ್ರೊಜೆಕ್ಟರ್ ಇಲ್ಲದ ಶಾಲೆಯಲ್ಲಿ ಐದೈದು ಮಕ್ಕಳನ್ನು ಲ್ಯಾಪ್‌ಟಾಪ್ ಸುತ್ತ ಕೂರಿಸಿ, ಉಳಿದವರಿಗೆ ಆ ಹೊತ್ತು ಅಲಂಕಾರ ಹಾಡಲು ಕೊಡಿ.