ಗಿರಿಯ ರೆಸಾರ್ಟಿನಲ್ಲಿ ಕ್ರೇಪ್ ಊಟ: ಸಸ್ಯಾಹಾರಿಗಳು ಮೊದಲು ಹಿಟ್ಟನ್ನು ವಿಚಾರಿಸಿಕೊಳ್ಳಿ

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಕಡೆ ಹೋಗುವ ನಿಮ್ಮ ಮನೆಯವರಲ್ಲಿ ಮೊಟ್ಟೆಯನ್ನೂ ಮುಟ್ಟದವರಿದ್ದರೆ, ಆ ಭಾಗದ ದುಬಾರಿ ರೆಸಾರ್ಟುಗಳಲ್ಲಿ ಕ್ರೇಪ್ (ದೋಸೆಯಂತೆ ತೆಳ್ಳಗೆ ಹುಯ್ಯುವ ಫ್ರೆಂಚ್ ತಿನಿಸು) ತರಿಸಿಕೊಳ್ಳುವ ಮುನ್ನ ಅದರ ಹಿಟ್ಟಿಗೆ ಏನೇನು ಹಾಕಿದ್ದಾರೆಂದು ಅಡುಗೆಯವರನ್ನೇ ಕೇಳಿ. ಮೆನುವಿನ ಹಸಿರು ಚುಕ್ಕೆಯೊಂದನ್ನೇ ನಂಬಬೇಡಿ. ನಮ್ಮ ಅತ್ತೆಯವರಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಗಿರಿಯಿಂದ ಇಳಿಯುವಾಗ ಮಧ್ಯಾಹ್ನದ ಊಟಕ್ಕೆ ನಾವು ಹೊಕ್ಕ ಹೋಟೆಲು ಯುರೋಪಿನ ಸ್ಕೀ ರೆಸಾರ್ಟಿನ ವೇಷ ಹಾಕಿಕೊಂಡಿತ್ತು. ಹಿಮವೇ ಬೀಳದ ಚಿಕ್ಕಮಗಳೂರಿನಲ್ಲಿ ಗೋಡೆಗೆ ಸ್ಕೀ ಹಲಗೆಗಳನ್ನು ತೂಗುಹಾಕುವುದು ಅವರಿಷ್ಟ, ಅದಕ್ಕೆ ನನ್ನ ತಕರಾರಿಲ್ಲ. ಮೆನುವಿನಲ್ಲಿ ಅಣಬೆ ಮತ್ತು ಚೀಸ್ ತುಂಬಿದ ಕ್ರೇಪ್‌ನ ಪಕ್ಕದಲ್ಲಿ ಹಸಿರು ಚುಕ್ಕೆಯಿತ್ತು. ಅತ್ತೆಯವರು ಅನುಮಾನಿಸಿದಾಗ ಬಡಿಸುವ ಹುಡುಗ, "ನಮ್ಮ ದೋಸೆ ಥರಾನೇ ಅಮ್ಮ, ಧೈರ್ಯವಾಗಿ ತಗೊಳ್ಳಿ" ಎಂದ.

ಬಹಳ ಹೊತ್ತು ಕಾದ ಮೇಲೆ ಬಂದ ಕ್ರೇಪ್‌ನ ಅಂಚು ಚಾಕುವಿಗೂ ಬಗ್ಗದಷ್ಟು ಒರಟಾಗಿತ್ತು. ಹೊರಪದರ ಬಾಯಿ ಸುಡುವಷ್ಟು ಬಿಸಿಯಾಗಿದ್ದರೂ, ಮಡಿಕೆಯನ್ನು ಬಿಡಿಸಿ ನೋಡಿದರೆ ಒಳಗಿನ ಚೀಸ್ ಫ್ರಿಜ್ಜಿನಿಂದ ಆಗಷ್ಟೇ ತೆಗೆದಂತೆ ತಣ್ಣಗೆ ಗಟ್ಟಿಯಾಗಿತ್ತು. ಮೊದಲೇ ಮಾಡಿಟ್ಟದ್ದನ್ನು ಮೈಕ್ರೋವೇವ್‌ನಲ್ಲಿ ಅವಸರದಿಂದ ಬಿಸಿ ಮಾಡಿದರೆ ಹೀಗಾಗುತ್ತದೆ. ಹಿಟ್ಟು ಸಿದ್ಧವಿದ್ದರೆ ಕಾವಲಿಯ ಮೇಲೆ ಒಂದೆರಡು ನಿಮಿಷದಲ್ಲಿ ಬೇಯುವ ಪದಾರ್ಥಕ್ಕೆ ಈ ಗತಿ ತರಬೇಕಾಗಿರಲಿಲ್ಲ.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಎರಡು ತುತ್ತು ತಿಂದ ಅತ್ತೆಯವರು ವಾಸನೆ ಬೇರೆಯಾಗಿದೆಯೆಂದು ತಟ್ಟೆ ಸರಿಸಿದಾಗ ನಾನು ಅಡುಗೆಯವರನ್ನು ಕರೆಸಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ: ಮೈದಾ, ಹಾಲು, ಬೆಣ್ಣೆ, ಮೊಟ್ಟೆ ಕಲಸಿದ ಒಂದೇ ಹಿಟ್ಟು ಎಲ್ಲ ಕ್ರೇಪ್‌ಗಳಿಗೂ ಬಳಕೆಯಾಗುತ್ತದೆ, ಹೂರಣದಲ್ಲಿ ಮಾಂಸವಿಲ್ಲದ ಬಗೆಗಳಿಗೆ ಹಸಿರು ಚುಕ್ಕೆ ಹಾಕಲಾಗಿದೆ ಎಂದರು. ವ್ಯವಸ್ಥಾಪಕರಂತೂ "ಮೊಟ್ಟೆ ತಾನೇ ಸಾರ್, ಮಾಂಸ ಅಲ್ಲವಲ್ಲ" ಎಂದು ನಮಗೇ ತಿಳಿಹೇಳಲು ಬಂದರು. ನಮ್ಮ ದೇಶದ ಆಹಾರ ಲೇಬಲ್ ನಿಯಮಗಳ ಪ್ರಕಾರ ಮೊಟ್ಟೆ ಬೆರೆತದ್ದು ಮಾಂಸಾಹಾರವೇ. ಅದರ ಗುರುತು ಹಸಿರು ವೃತ್ತವಲ್ಲ, ಕಂದು ತ್ರಿಕೋನ. ಅತ್ತೆಯವರು ಬಾಯಿ ಮುಕ್ಕಳಿಸಿ ಬಂದು, ಮನೆ ಸೇರುವವರೆಗೆ ನೀರನ್ನು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಮೊಟ್ಟೆಯಿಲ್ಲದೆ ಇದನ್ನು ಮಾಡಲಾಗದೆಂದೂ ಅಲ್ಲ. ಕ್ರೇಪ್‌ನ ತವರಾದ ಫ್ರಾನ್ಸಿನ ಬ್ರಿಟನಿಯಲ್ಲಿ ಊಟಕ್ಕೆ ಮಾಡುವ ಗ್ಯಾಲೆಟ್ ಎಂಬ ಬಗೆಯ ಕ್ರೇಪ್‌ಗೆ, ಉತ್ತರ ಭಾರತದವರು ಉಪವಾಸದಲ್ಲಿ ಬಳಸುವ ಕುಟ್ಟು (ಬಕ್‌ವೀಟ್) ಹಿಟ್ಟನ್ನೇ ಬರಿಯ ನೀರು, ಉಪ್ಪಿನಲ್ಲಿ ಕಲಸುವ ಸಾಂಪ್ರದಾಯಿಕ ಕ್ರಮವಿದೆ. ನೀರುದೋಸೆ ಹುಯ್ಯಲು ಬಲ್ಲ ಅಡುಗೆಯವರಿಗೆ ಅದು ಕಷ್ಟದ ಕೆಲಸವೇನಲ್ಲ.

ಬಿಲ್ಲಿನಲ್ಲಿ ಇನ್ನೊಂದು ಕಾದಿತ್ತು. ಊಟದ ಬೆಲೆಗೆ ನಮ್ಮನ್ನು ಕೇಳದೆಯೇ ಶೇ. 10 ಸೇವಾ ಶುಲ್ಕ ಸೇರಿಸಿ, ಆ ಒಟ್ಟು ಮೊತ್ತದ ಮೇಲೆ ಶೇ. 18 ಜಿಎಸ್‌ಟಿ ಹಾಕಿದ್ದರು; ಅಂದರೆ ಸಾವಿರ ರೂಪಾಯಿಯ ಊಟಕ್ಕೆ 1,298 ರೂಪಾಯಿ. ಕೋಣೆಯ ದಿನದ ಬಾಡಿಗೆ 7,500 ರೂಪಾಯಿ ಮೀರುವ ಹೋಟೆಲುಗಳ ಒಳಗಿನ ರೆಸ್ಟೋರೆಂಟುಗಳಲ್ಲಿ ಶೇ. 18ರ ತೆರಿಗೆ ನ್ಯಾಯವಾದದ್ದೇ, ಹೊರಗಿನ ಸಾಮಾನ್ಯ ಹೋಟೆಲುಗಳ ಶೇ. 5 ಅಲ್ಲಿ ನಡೆಯುವುದಿಲ್ಲ. ಆದರೆ ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದ್ದು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಇದನ್ನು ಹೇಳಿದ ಮೇಲೆ ಶುಲ್ಕವನ್ನೂ ಅದರ ಮೇಲಿನ ತೆರಿಗೆಯನ್ನೂ ತೆಗೆದರು, ಕ್ರೇಪ್‌ನ ಹಣವನ್ನು ಮಾತ್ರ ಬಿಡಲಿಲ್ಲ.

ಇಂಥ ಕಡೆ ತೊಂದರೆಯಾದರೆ ಮೆನುವಿನ ಆ ಪುಟದ ಫೋಟೋ ತೆಗೆದುಕೊಳ್ಳಿ, ಬಿಲ್ಲನ್ನು ಬಿಸಾಡಬೇಡಿ. ಬಿಲ್ಲಿನಲ್ಲಿ ಇರಲೇಬೇಕಾದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಗಳ ಸಂಖ್ಯೆಯನ್ನು ಕೊಟ್ಟು ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ದಾಖಲಿಸಬಹುದು. ಸೇವಾ ಶುಲ್ಕದ ವಿಷಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.