ಏಸಿ ಕಾಯಿಲ್‌ಗೆ ಹಿಮ ಕಟ್ಟದಂತೆ: ಮಳೆಗಾಲದ ಉಗ್ರಾಣದಲ್ಲಿ ಪರೀಕ್ಷಿಸಿದ ಉಪಾಯಗಳು

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಮನೆಯ ಹಿಂಬದಿಯಲ್ಲಿ 12 ಅಡಿಗೆ 14 ಅಡಿ ಅಳತೆಯ ಉಗ್ರಾಣವೊಂದಿದ್ದು, ಒಳ್ಳೆಯ ಬೆಲೆ ಬರಲೆಂದು ಕಾಯ್ದಿರಿಸಿದ ಕರಿಮೆಣಸನ್ನೂ ಹಣ್ಣಿನ ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನೂ ಅಲ್ಲಿಯೇ ಇಡುತ್ತೇವೆ. ಕಣದಲ್ಲಿ ಚೆನ್ನಾಗಿ ಒಣಗಿಸಿ, ತೇವಾಂಶ ಶೇ. 10ರ ಆಸುಪಾಸಿಗೆ ಇಳಿದ ಮೇಲೆಯೇ ಚೀಲ ಹೊಲಿದರೂ, ಮಳೆ ಹಿಡಿದ ಮೇಲೆ ಮಾಲು ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ಅದನ್ನು ತಡೆಯಲೆಂದು ಇನ್ವರ್ಟರ್ ಅಲ್ಲದ, ಅಂದರೆ ಕಂಪ್ರೆಸರಿನ ವೇಗ ಬದಲಾಗದ, ಒಂದೂವರೆ ಟನ್ನಿನ ಸ್ಪ್ಲಿಟ್ ಏಸಿಯೊಂದನ್ನು ಹಾಕಿಸಿದೆವು. ಜೋರು ಮಳೆಯ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಯಂತ್ರ ಸದ್ದು ಮಾಡುತ್ತಿತ್ತೇ ಹೊರತು ಅದರಿಂದ ಗಾಳಿ ಬರುತ್ತಿರಲಿಲ್ಲ. ಮುಚ್ಚಳ ಎತ್ತಿ ನೋಡಿದರೆ ಗಾಳಿಯನ್ನು ತಣ್ಣಗಾಗಿಸುವ ಕೊಳವೆಗಳ ಸುರುಳಿಯ, ಅಂದರೆ ಕಾಯಿಲ್‌ನ, ಅಲ್ಯೂಮಿನಿಯಂ ಪಟ್ಟಿಗಳ ಸಂದುಗಳೇ ಕಾಣದಂತೆ ಬಿಳಿಯ ಹಿಮ ಕಟ್ಟಿತ್ತು. ಸ್ವಿಚ್ ಆರಿಸಿದ ಸ್ವಲ್ಪ ಹೊತ್ತಿಗೆ ಕರಗಿದ ನೀರು ತಟ್ಟೆಯಲ್ಲಿ ಹಿಡಿಸಲಾರದೆ ಗೋಡೆಗುಂಟ ಇಳಿದು, ಕೆಳಗಿದ್ದ ಎರಡು ಮೆಣಸಿನ ಚೀಲಗಳನ್ನು ತೋಯಿಸಿತು.

ಬಂದ ಮೆಕ್ಯಾನಿಕ್ ಒತ್ತಡ ಅಳೆಯುವ ಗೇಜ್ ಹಚ್ಚಿ ನೋಡಿ, ಒತ್ತಡ ಕಡಿಮೆಯಿದೆ, ಗ್ಯಾಸ್ ಸೋರಿದೆ ಎಂದು ತೀರ್ಮಾನಿಸಿ ಒಂದಿಷ್ಟು ತುಂಬಿಸಿ ಹೋದರು. ವಾರ ಕಳೆಯುವುದರೊಳಗೆ ಮತ್ತೆ ಹಿಮ ಕಟ್ಟಿತು. ಮತ್ತೆ ಗ್ಯಾಸ್ ಬಿತ್ತು. ಮುಂದಿನ ಏಪ್ರಿಲ್‌ನ ಬಿಸಿಲಿಗೆ ಅದೇ ಯಂತ್ರದ ಕಂಪ್ರೆಸರ್ ಕಾದು ಪದೇಪದೇ ನಿಲ್ಲತೊಡಗಿದಾಗಲೇ ಅದರಲ್ಲಿ ಗ್ಯಾಸ್ ಹೆಚ್ಚಾಗಿದೆಯೆಂಬುದು ನನಗೆ ತಿಳಿದದ್ದು. ಏಸಿಯೊಳಗೆ ಹರಿದು ತಂಪು ಮಾಡುವ ಆರ್-32 ಗ್ಯಾಸ್ ಸುಮಾರು 103 ಪಿಎಸ್‌ಐ ಒತ್ತಡದಲ್ಲಿ 0 ಡಿಗ್ರಿಯಲ್ಲಿ ಕುದಿಯುತ್ತದೆ; ಗೇಜಿನ ಮುಳ್ಳು ಅದಕ್ಕಿಂತ ಕೆಳಗೆ ನಿಂತರೆ ಕಾಯಿಲ್ ಮೇಲೆ ಹಿಮ ಕೂಡುವುದು ಸಹಜ. ಆದರೆ ಮುಳ್ಳು ಕೆಳಗಿಳಿಯಲು ಗ್ಯಾಸ್ ಸೋರಿಕೆಯೊಂದೇ ಕಾರಣವಲ್ಲ. ಫಿಲ್ಟರ್ ಕಟ್ಟಿಕೊಂಡಿದ್ದರೂ, ಕೋಣೆಗೆ ಗಾಳಿ ಬೀಸುವ ಬ್ಲೋವರ್ ನಿಧಾನವಾಗಿ ತಿರುಗಿದರೂ, ಎಲ್ಲಕ್ಕಿಂತ ಮುಖ್ಯವಾಗಿ ಹೊರಗೆ ಚಳಿಯಿದ್ದರೂ ಅದು ಇಳಿಯುತ್ತದೆ. ನಮ್ಮಲ್ಲಿ ಜುಲೈ ತಿಂಗಳ ರಾತ್ರಿ ಹೊರಗಿನ ಉಷ್ಣತೆ 18 ಡಿಗ್ರಿಯ ಹತ್ತಿರವಿರುತ್ತದೆ. ಬಯಲುಸೀಮೆಯ ಸೆಖೆಯನ್ನು ಲೆಕ್ಕಹಾಕಿ ಮಾಡಿದ ಔಟ್‌ಡೋರ್ ಘಟಕ ಆ ತಣ್ಣನೆಯ ಗಾಳಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ತಂಪಾಗಿ, ಅಲ್ಲಿನ ಒತ್ತಡ ಕುಸಿದು, ಸಣ್ಣ ಕ್ಯಾಪಿಲರಿ ಕೊಳವೆಯ ಮೂಲಕ ಒಳಗಿನ ಕಾಯಿಲ್‌ಗೆ ಬರಬೇಕಾದಷ್ಟು ಗ್ಯಾಸ್ ಬರುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಗೇಜ್ ನೋಡಿ ಗ್ಯಾಸ್ ತುಂಬಿಸಲು ಒಪ್ಪಬಾರದು. ಸೋರಿಕೆಯ ಅನುಮಾನವಿದ್ದರೆ ಇದ್ದದ್ದನ್ನು ಪೂರ್ತಿ ಹೊರತೆಗೆದು, ಯಂತ್ರದ ಮೇಲಿನ ವಿವರಪಟ್ಟಿಯಲ್ಲಿ ಬರೆದಿರುವ ತೂಕದಷ್ಟೇ ತುಂಬಿಸಲು ಹೇಳಬೇಕು. ನಾನು ಹಾಗೆಯೇ ಮಾಡಿಸಿ, ಮುಂದಿನ ಮಳೆಗಾಲದಲ್ಲಿ ಬೇರೆ ನಾಲ್ಕು ಉಪಾಯಗಳನ್ನು ಒಂದೊಂದಾಗಿ ಪರೀಕ್ಷಿಸಿದೆ.

ಮೊದಲನೆಯದು ಖರ್ಚಿಲ್ಲದ್ದು. ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆದು, ಬ್ಲೋವರನ್ನು ಗರಿಷ್ಠ ವೇಗಕ್ಕಿಟ್ಟು, ಡ್ರೈ ಮೋಡ್ ಬಿಟ್ಟು ಕೂಲ್ ಮೋಡಿನಲ್ಲಿಯೇ ನಡೆಸಿದೆ. ತೇವ ತೆಗೆಯಲು ಡ್ರೈ ಮೋಡ್ ಒಳ್ಳೆಯದೆಂಬ ಮಾತು ನಿಜವಾದರೂ, ಅದರಲ್ಲಿ ಬ್ಲೋವರ್ ನಿಧಾನವಾಗಿ ತಿರುಗುವುದರಿಂದ ನಮ್ಮಲ್ಲಿ ಹಿಮ ಬೇಗ ಕಟ್ಟುತ್ತಿತ್ತು. ಈ ಉಪಾಯದಿಂದ ಹಗಲಿನ ಹಿಮ ನಿಂತಿತು, ರಾತ್ರಿಯದು ನಿಲ್ಲಲಿಲ್ಲ.

ಎರಡನೆಯದು, ಕಾಯಿಲ್‌ನ ಚಳಿ ನೋಡಿ ಕಂಪ್ರೆಸರ್ ನಿಲ್ಲಿಸುವ ಥರ್ಮೋಸ್ಟ್ಯಾಟ್. ಇದನ್ನು ಕೂರಿಸಲು ಮುಚ್ಚಳ ಬಿಚ್ಚಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೆಂಕಿಕಡ್ಡಿಯ ತಲೆಗಿಂತ ತುಸು ದಪ್ಪನೆಯ ತಾಮ್ರದ ಸೆನ್ಸರೊಂದು ತನ್ನ ಗೂಡಿನಿಂದ ಜಾರಿ, ವೈರಿನ ತುದಿಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಕಾಯಿಲ್ ಹಿಮಗಟ್ಟುವ ಮೊದಲೇ ಕಂಪ್ರೆಸರನ್ನು ನಿಲ್ಲಿಸಲೆಂದು ಕಂಪನಿಯವರೇ ಇಟ್ಟಿದ್ದ ಕಾವಲುಗಾರ ಅದು. ಹಿಂದಿನ ಯಾವುದೋ ಸರ್ವಿಸಿನಲ್ಲಿ ಮರಳಿ ಸಿಕ್ಕಿಸದೆ ಬಿಟ್ಟದ್ದರಿಂದ ಕಾಯಿಲ್‌ನ ಬದಲು ಕೋಣೆಯ ಗಾಳಿಯನ್ನು ಅಳೆಯುತ್ತಾ ಕುಳಿತಿತ್ತು. ಅದನ್ನು ಗೂಡಿಗೆ ಸೇರಿಸಿದ ಮೇಲೆ ಒಮ್ಮೆಯೂ ಗಟ್ಟಿ ಹಿಮ ಕಟ್ಟಲಿಲ್ಲ, ತಂದಿದ್ದ ಥರ್ಮೋಸ್ಟ್ಯಾಟ್ ಪೆಟ್ಟಿಗೆಯಲ್ಲಿಯೇ ಉಳಿಯಿತು. ಅಂತಹ ಸೆನ್ಸರ್ ಇಲ್ಲದ ಹಳೆಯ ಯಂತ್ರಕ್ಕೆ ಹೊರಗಿನ ಥರ್ಮೋಸ್ಟ್ಯಾಟ್ ಹಾಕಿಸುವವರು ಎರಡು ವಿಷಯಗಳನ್ನು ಗಮನಿಸಬೇಕು: ಅದು ಕಂಪ್ರೆಸರನ್ನು ಮಾತ್ರ ನಿಲ್ಲಿಸಿ, ಹಿಮ ಕರಗಲು ಬ್ಲೋವರನ್ನು ನಡೆಯಗೊಡಬೇಕು, ಮತ್ತು ನಿಂತ ಕಂಪ್ರೆಸರ್ ಕನಿಷ್ಠ ಮೂರು ನಿಮಿಷದವರೆಗೆ ಮತ್ತೆ ಚಾಲೂ ಆಗಬಾರದು.

ಮೂರನೆಯದು ಹೊರಗಿನ ಫ್ಯಾನಿಗೆ ಕಡಿವಾಣ. ಔಟ್‌ಡೋರ್ ಕೊಳವೆ ಸಾಕಷ್ಟು ಬಿಸಿಯಾಗುವವರೆಗೆ ಫ್ಯಾನ್ ತಿರುಗದಂತೆ ಒಂದು ಸ್ವಿಚ್ ಹಾಕಿಸಿದೆ. ನಾಲ್ಕರಲ್ಲಿ ಮೂಲ ಕಾರಣಕ್ಕೆ ನೇರವಾಗಿ ಕೈಹಾಕುವುದು ಇದೊಂದೇ ಆದ್ದರಿಂದ ನನಗೆ ಇದರ ಮೇಲೆ ಹೆಚ್ಚು ಭರವಸೆಯಿತ್ತು. ಒತ್ತಡವೂ ಏರಿತು, ಕಂಪ್ರೆಸರ್ ಎಡೆಬಿಡದೆ ನಡೆದರೂ ಕಾಯಿಲ್ ಹಿಮಗಟ್ಟದೆ ಒದ್ದೆಯಾಗಿಯೇ ಉಳಿಯಿತು. ಆದರೆ ಆ ಸ್ವಿಚ್ ಕೈಕೊಟ್ಟು ಬೇಸಿಗೆಯಲ್ಲಿ ಫ್ಯಾನ್ ತಿರುಗದೆ ಹೋದರೆ ಕಂಪ್ರೆಸರ್ ಸುಟ್ಟೇ ಹೋದೀತೆಂಬ ಅಂಜಿಕೆಯಿಂದ ಫೆಬ್ರವರಿಯಲ್ಲಿ ಅದನ್ನು ಬಿಚ್ಚಿಸಿದೆ. ಔಟ್‌ಡೋರ್‌ಗೆ ಗೋಣಿಚೀಲ ಹೊದಿಸುವ ಪದ್ಧತಿ ನಮ್ಮ ಕಡೆ ಇದೆ. ಅದರ ಉದ್ದೇಶವೂ ಇದೇ, ಆದರೆ ಅದನ್ನು ತೆಗೆಯಲು ಯಾರಿಗೂ ನೆನಪಿರುವುದಿಲ್ಲ.

ಹಿಮ ನಿಂತರೂ ಗಾಳಿಯ ಆರ್ದ್ರತೆ ಅಳೆಯುವ ಹೈಗ್ರೋಮೀಟರಿನ ಅಂಕಿ ಮಾತ್ರ ಶೇ. 75ರ ಕೆಳಗೆ ಇಳಿಯಲೊಲ್ಲದು. ಏಸಿ ಗಾಳಿಯಿಂದ ನೀರನ್ನು ತೆಗೆಯುವುದರ ಜೊತೆಗೆ ಕೋಣೆಯನ್ನೂ ತಣ್ಣಗಾಗಿಸುತ್ತದೆ. ಗಾಳಿ ತಣ್ಣಗಾದಷ್ಟೂ ಉಳಿದ ಅಷ್ಟೇ ನೀರು ಸಾಪೇಕ್ಷ ಆರ್ದ್ರತೆಯಲ್ಲಿ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ನಾಲ್ಕನೆಯದಾಗಿ, ಗಾಳಿಯ ತೇವ ತೆಗೆಯಲೆಂದೇ ಇರುವ ಯಂತ್ರವಾದ, ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್ ತಂದೆ. ಇದರಲ್ಲಿಯೂ ತಣ್ಣನೆಯ ಕಾಯಿಲ್ ಇದೆ, ಚಳಿಯ ರಾತ್ರಿ ಅದರ ಮೇಲೂ ಹಿಮ ಕೂಡುತ್ತದೆ, ಆದರೆ ಯಂತ್ರವೇ ಆಗಾಗ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಬಿಸಿಯನ್ನು ಹೊರಗೆ ಹಾಕದೆ ಕೋಣೆಯೊಳಗೇ ಬಿಡುವುದರಿಂದ ಉಗ್ರಾಣ ಒಂದೆರಡು ಡಿಗ್ರಿ ಬೆಚ್ಚಗಾಗಿ, ಹಿಂದಿನವರು ಒಲೆಯ ಮೇಲಿನ ಅಟ್ಟದಲ್ಲಿ ಮಾಲು ಇಡುತ್ತಿದ್ದುದರ ಲಾಭ ಇಲ್ಲಿಯೂ ಸಿಗುತ್ತದೆ. ನಾಲ್ಕು ದಿನಗಳಲ್ಲಿ ಅಂಕಿ 62ಕ್ಕೆ ಬಂತು.

ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಗ್ರಾಣಕ್ಕೆ ನನ್ನ ಆಯ್ಕೆ ಡಿಹ್ಯೂಮಿಡಿಫೈಯರ್. ಮಲಗುವ ಕೋಣೆಯಲ್ಲಿ ಏಸಿಯನ್ನೇ ನಡೆಸಬೇಕಾದವರು ಫಿಲ್ಟರ್ ತೊಳೆದು, ಆ ಸೆನ್ಸರ್ ಗೂಡಿನಲ್ಲಿದೆಯೇ ಎಂದು ನೋಡಿದರೆ ಸಾಕು. ಡಿಹ್ಯೂಮಿಡಿಫೈಯರ್ ಬಗ್ಗೆ ನನ್ನ ದೂರು ಒಂದೇ. ನನ್ನಲ್ಲಿರುವ ಮಾದರಿ ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ಚಾಲೂ ಆಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಕರೆಂಟ್ ದಿನಕ್ಕೆಷ್ಟು ಸಲ ಹೋಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಪ್ರತಿ ಸಲವೂ ಕೊಡೆ ಹಿಡಿದು ಉಗ್ರಾಣಕ್ಕೆ ಹೋಗಿ ಗುಂಡಿ ಒತ್ತಿ ಬರಬೇಕು.